ಮಳೆಗಾಲದ ಕೆಮ್ಮು-ನೆಗಡಿಗೆ ಕಾಳುಮೆಣಸಿನ ಕಷಾಯ: ಎಷ್ಟು ಕಾಳು, ಹೇಗೆ ಮಾಡುವುದು, ಯಾರಿಗೆ ಬೇಡ?

ಹೊಸನಗರದ ಹೊಳೆಬದಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಆಷಾಢದ ಮಳೆ ಹಿಡಿದ ಮೇಲೆ ಮನೆಯಲ್ಲಿ ಒಬ್ಬರಾದ ಮೇಲೆ ಒಬ್ಬರಿಗೆ ನೆಗಡಿ, ಗಂಟಲು ಕೆರೆತ. ಕಾಳುಮೆಣಸಿನ ಕಷಾಯದ ಅಳತೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಒಬ್ಬರು ಐದು ಕಾಳು ಸಾಕು ಅಂದರೆ ಇನ್ನೊಬ್ಬರು ಒಂದು ಚಮಚ ಪುಡಿ ಅನ್ನುತ್ತಾರೆ. ಹುರಿಯಬೇಕೋ ಹಸಿಯಾಗಿಯೇ ಕುಟ್ಟಬೇಕೋ ಗೊತ್ತಾಗುತ್ತಿಲ್ಲ. ಹಾಲು ಹಾಕಿದರೆ ಒಮ್ಮೊಮ್ಮೆ ಒಡೆಯುತ್ತದೆ. ಕುಡಿದ ಮೇಲೆ ಎದೆಯುರಿ ಬರುವುದೂ ಇದೆ. ಮನೆಯಲ್ಲಿ 4 ವರ್ಷದ ಮಗು ಇದೆ, ದಿನಾ ಬಿಪಿ ಮಾತ್ರೆ ತೆಗೆದುಕೊಳ್ಳುವ ಹಿರಿಯರೂ ಇದ್ದಾರೆ. ಎಲ್ಲರಿಗೂ ಒಂದೇ ಲೋಟದ ಕಷಾಯ ಕೊಡಬಹುದೇ? ಸರಿಯಾಗಿ ತಿಳಿದವರು ಅಳತೆ ಸಮೇತ ಹೇಳಿ.

ತೀರ್ಥಹಳ್ಳಿ ಒಲೆಕಟ್ಟೆ ಉತ್ತರಿಸಿದ್ದು:

ಒಂದು ಚಮಚ ಪುಡಿ ಒಬ್ಬರಿಗೆ ಖಂಡಿತ ಬೇಡ. ಒಂದು ಚಮಚ ಅಂದರೆ ಎರಡು ಗ್ರಾಂ ದಾಟುತ್ತದೆ, ನಲವತ್ತೈವತ್ತು ಕಾಳಿನ ಲೆಕ್ಕ. ಎದೆಯುರಿಗೆ ಅದೇ ಕಾರಣ ಇರಬಹುದು. ದೊಡ್ಡವರಿಗೆ ಒಂದು ಹೊತ್ತಿಗೆ 8 ಕಾಳು ಸಾಕು.

ಒಬ್ಬರಿಗೆ ಮಾಡುವ ಕ್ರಮ ಹೀಗೆ. 8 ಕಾಳುಮೆಣಸು, ಒಂದು ಚಮಚ ಕೊತ್ತಂಬರಿ ಬೀಜ, ಅರ್ಧ ಚಮಚ ಜೀರಿಗೆ, ಹೆಬ್ಬೆರಳಿನ ಅರ್ಧ ಗೆಣ್ಣಿನಷ್ಟು ಹಸಿಶುಂಠಿ. ಕುಟ್ಟಾಣಿಯಲ್ಲಿ ಮೆಣಸನ್ನು ತರಿತರಿಯಾಗಿ ಒಡೆಯಿರಿ, ಒಂದು ಕಾಳು ನಾಲ್ಕೈದು ಚೂರಾದರೆ ಸಾಕು. ನುಣ್ಣಗೆ ಪುಡಿ ಮಾಡಿದರೆ ಸೋಸುವಾಗ ಬಟ್ಟೆಯಿಂದ ಜಾರಿ ಲೋಟದ ತಳದಲ್ಲಿ ಕೂರುತ್ತದೆ. ಕೊನೆಯ ಗುಟುಕಿನಲ್ಲಿ ಗಂಟಲು ಸುಡುವುದು ಆ ಪುಡಿಯಿಂದ. ಒಂದೂವರೆ ಲೋಟ ನೀರಿಗೆ ಶುಂಠಿ, ಕೊತ್ತಂಬರಿ, ಜೀರಿಗೆ ಮೊದಲು ಹಾಕಿ, ಸಣ್ಣ ಉರಿಯಲ್ಲಿ ಒಂದು ಲೋಟಕ್ಕೆ ಇಳಿಸಿ. ಮೆಣಸು ಹಾಕುವುದು ಕೊನೆಯ ಮೂರು ನಿಮಿಷಕ್ಕೆ. ಅದರ ಘಮ ಹಾರಿಹೋಗುವ ಎಣ್ಣೆಯಲ್ಲಿದೆ. ಮೊದಲಿಂದ ಕುದಿಸಿದರೆ ಅಡುಗೆಮನೆಯೆಲ್ಲ ಘಮಘಮ, ಲೋಟದಲ್ಲಿ ಬರೀ ಖಾರ. ಇಳಿಸಿದ ಮೇಲೆ ಎರಡು ನಿಮಿಷ ಮುಚ್ಚಿಟ್ಟು ಸೋಸಿ.

ಹಾಲು ಒಡೆಯುವುದಕ್ಕೆ ಎರಡು ಕಾರಣ. ಹಸಿಶುಂಠಿಯಲ್ಲಿ ಹಾಲನ್ನು ಗಟ್ಟಿ ಮಾಡುವ ಒಂದು ಕಿಣ್ವ ಇದೆ. ನೀರಿನಲ್ಲಿ ಚೆನ್ನಾಗಿ ಕುದಿದರೆ ಅದರ ಶಕ್ತಿ ಹೋಗುತ್ತದೆ, ಅರೆಬರೆ ಕುದಿದಿದ್ದರೆ ಹಾಲು ಹಾಕಿದ ಕೂಡಲೇ ಒಡೆಯುತ್ತದೆ. ಎರಡನೆಯದು ಬೆಲ್ಲ. ನಮ್ಮ ಕಡೆ ಜೋನಿಬೆಲ್ಲ ಹಾಕುವುದು ಹೆಚ್ಚು, ಹಳತಾದರೆ ಅದರಲ್ಲಿ ಹುಳಿ ಇರುತ್ತದೆ. ಹಾಗಾಗಿ ಶುಂಠಿ ಚೆನ್ನಾಗಿ ಕುದಿಯಬೇಕು. ಬೇರೆಯಾಗಿ ಕಾಯಿಸಿದ ಹಾಲನ್ನು ಕಷಾಯ ಒಲೆಯಿಂದ ಇಳಿಸಿದ ಮೇಲೆ ಸೇರಿಸಿ. ಬೆಲ್ಲ ಎಲ್ಲಕ್ಕಿಂತ ಕೊನೆಗೆ, ಲೋಟಕ್ಕೆ.

ಹಾಲು ಬೇಡವೆಂದರೆ ಕಾಲು ಚಮಚ ತುಪ್ಪ ಹಾಕಿ. ಮೆಣಸಿನ ಖಾರದ ಅಂಶ ನೀರಿನಲ್ಲಿ ಕರಗುವುದು ತೀರಾ ಕಡಿಮೆ, ಜಿಡ್ಡಿನಲ್ಲಿ ಚೆನ್ನಾಗಿ ಕರಗುತ್ತದೆ. ಹಿಂದಿನವರು ಕಷಾಯಕ್ಕೆ ಹಾಲು, ಸಾರಿಗೆ ತುಪ್ಪದ ಒಗ್ಗರಣೆ ಬಿಡದೆ ಹಾಕುತ್ತಿದ್ದುದರಲ್ಲಿ ಅರ್ಥವಿದೆ.

ಹುರಿಯುವ ವಿಚಾರ: ಆಗಿಂದಾಗ ಮಾಡುವ ಕಷಾಯಕ್ಕೆ ಹುರಿಯಬೇಡಿ. ಪುಡಿ ಮಾಡಿಟ್ಟುಕೊಳ್ಳುವುದಾದರೆ ಮಾತ್ರ ಹುರಿಯಬೇಕು, ಇಲ್ಲದಿದ್ದರೆ ನಮ್ಮ ಮಳೆಗೆ ಎಂಟು ದಿನದಲ್ಲಿ ಮುಗ್ಗಲು ವಾಸನೆ ಬರುತ್ತದೆ. ಕೊತ್ತಂಬರಿ 200 ಗ್ರಾಂ, ಜೀರಿಗೆ 100 ಗ್ರಾಂ, ಕಾಳುಮೆಣಸು 25 ಗ್ರಾಂ, ಒಣಶುಂಠಿ 20 ಗ್ರಾಂ, ಮೆಂತ್ಯ 10 ಗ್ರಾಂ, ಏಲಕ್ಕಿ 5 ಗ್ರಾಂ. ಒಂದೊಂದನ್ನೂ ಬೇರೆ ಬೇರೆ ಹುರಿಯಿರಿ. ಮೆಂತ್ಯ ಸ್ವಲ್ಪ ಕೆಂಪಾಗಬೇಕು, ಕಪ್ಪಾದರೆ ಇಡೀ ಪುಡಿ ಕಹಿ. ಮೆಣಸು ಕೈಗೆ ಬಿಸಿ ತಾಗುವಷ್ಟು ಸಾಕು, ಚಟಪಟ ಸಿಡಿಯುವ ಮೊದಲೇ ಇಳಿಸಿ. ಏಲಕ್ಕಿ ಹುರಿಯುವುದೇ ಬೇಡ. ಪೂರ್ತಿ ಆರಿದ ಮೇಲೆ ಪುಡಿ ಮಾಡಿ. ಬಿಸಿಯಿರುವಾಗಲೇ ಬಾಟಲಿಗೆ ತುಂಬಿದರೆ ಒಳಗೆ ಆವಿ ಕಟ್ಟಿ ಗಂಟಾಗುತ್ತದೆ, ಆಮೇಲೆ ಬೂಸ್ಟು. ಒಂದು ಲೋಟಕ್ಕೆ ಈ ಪುಡಿ ಒಂದೂವರೆ ಚಮಚ.

ಮಲ್ಲಿಗೆಸರ ಉತ್ತರಿಸಿದ್ದು:

ಅಳತೆ ಸರಿಯಾಗಿದೆ. ಮೆಣಸು ಸರಿಯಿಲ್ಲದಿದ್ದರೆ 8 ಕಾಳಿನ ಲೆಕ್ಕ ಹಿಡಿದು ಪ್ರಯೋಜನವಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಒಂದು ಲೋಟ ನೀರಿಗೆ ಒಂದು ಹಿಡಿ ಕಾಳು ಹಾಕಿ ನೋಡಿ. ಬಲಿತ ಕಾಳು ಮುಳುಗುತ್ತದೆ, ಜೊಳ್ಳು ತೇಲುತ್ತದೆ. ಪಪ್ಪಾಯಿ ಬೀಜ ಬೆರೆಸಿದ್ದರೆ ಅದೂ ತೇಲುತ್ತದೆ. ತೇಲಿದ್ದನ್ನು ತೆಗೆದು ನೋಡಿ: ಮೆಣಸಿನ ಕಾಳು ಗುಂಡಗೆ, ಮೈಯೆಲ್ಲ ಸುಕ್ಕು. ಪಪ್ಪಾಯಿ ಬೀಜ ಸ್ವಲ್ಪ ಉದ್ದುದ್ದ, ಬಣ್ಣ ಹಸಿರುಗಂದು, ಜಗಿದರೆ ಮೆಣಸಿನ ಖಾರ ಇಲ್ಲ. ಅಂಗಡಿಯಲ್ಲಿ ಎಣ್ಣೆ ಹಚ್ಚಿದ ಹಾಗೆ ಮಿರಿಮಿರಿ ಮಿಂಚುವ ಕಾಳು ಕಂಡರೆ ಬಿಡಿ. ಚೆನ್ನಾಗಿ ಒಣಗಿದ ಮೆಣಸಿಗೆ ಅಂಥ ಹೊಳಪು ಇರುವುದಿಲ್ಲ.

ಮನೆಯ ಬಳ್ಳಿಯ ಮೆಣಸಾದರೆ ಗೊಂಚಲಿನಲ್ಲಿ ಒಂದೆರಡು ಕಾಳು ಕೆಂಪು ತಿರುಗಿದಾಗ ಕೊಯ್ಯಬೇಕು. ಬೇಗ ಕೊಯ್ದರೆ ಜೊಳ್ಳು ಹೆಚ್ಚು. ಬಿಡಿಸಿದ ಕಾಳನ್ನು ಬಿದಿರಿನ ಬುಟ್ಟಿಯಲ್ಲಿಟ್ಟು ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆದು ಒಣಗಿಸಿದರೆ ಬಣ್ಣ ಒಂದೇ ಸಮನೆ ಕಪ್ಪಾಗುತ್ತದೆ, ಧೂಳು ಕೊಳೆಯೂ ಹೋಗುತ್ತದೆ. ಮಾರುವುದಕ್ಕಿಂತ ಮನೆಯ ಬಳಕೆಗೆ ಇದು ಹೆಚ್ಚು ಮುಖ್ಯ. ಸಗಣಿ ಸಾರಿಸಿದ ಅಂಗಳದಲ್ಲಿ ಒಣಗಿಸಿದ್ದನ್ನು ಕುದಿಸಿ ಕುಡಿದರೆ ಅಡ್ಡಿಯಿಲ್ಲ, ಹಾಗೇ ಪುಡಿ ಮಾಡಿ ಜೇನಿನಲ್ಲಿ ಕಲಸಿ ನೆಕ್ಕುವುದು ಮಾತ್ರ ಬೇಡ. ಚಾಪೆಯ ಮೇಲೋ ಶುದ್ಧ ಟಾರ್ಪಾಲಿನ ಮೇಲೋ ಒಣಗಿಸಿ. ಒಣಗಿದೆಯೋ ಇಲ್ಲವೋ ತಿಳಿಯಲು ಹಲ್ಲಿನಲ್ಲಿ ಕಚ್ಚಿ: ಕಟ್ ಅಂತ ಮುರಿದರೆ ಸರಿ, ಹಲ್ಲಿಗೆ ಮೆತ್ತಿದರೆ ಇನ್ನೊಂದು ಬಿಸಿಲು ಬೇಕು. ಹಸಿ ಉಳಿದ ಮೆಣಸಿಗೆ ಜೂನ್ ತಿಂಗಳಲ್ಲಿ ಬಿಳಿ ಬೂಸ್ಟು ಬರುತ್ತದೆ. ತೊಳೆದು ಮತ್ತೆ ಒಣಗಿಸಿ ಬಳಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬೂಸ್ಟಿನ ವಿಷ ತೊಳೆದರೆ ಹೋಗುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ಎಸೆದುಬಿಡಿ.

ಇಡುವುದು ಇಡೀ ಕಾಳಾಗಿಯೇ, ಬೆಳಕು ಬೀಳದ ಕಡೆ. ಪುಡಿ ಮಾಡಿ ಗಾಜಿನ ಬಾಟಲಿಯಲ್ಲಿ ಕಿಟಕಿ ಪಕ್ಕ ಇಟ್ಟರೆ ಘಮವೂ ಹೋಗುತ್ತದೆ, ಬೆಳಕಿಗೆ ಖಾರವೂ ಇಳಿಯುತ್ತದೆ.

ಸಾಗರದ ಔಷಧಿ ಕಪಾಟು ಉತ್ತರಿಸಿದ್ದು:

ಹಿರಿಯರ ಮಾತ್ರೆ ಬಗ್ಗೆ ಕೇಳಿದ್ದೀರಿ. ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಮೆಣಸಿನ ಖಾರಕ್ಕೆ ಕಾರಣವಾದ ಪಿಪರಿನ್ ಅನ್ನು 1819ರಲ್ಲೇ ಬೇರ್ಪಡಿಸಿದ್ದರು. ಕರುಳಿನಲ್ಲಿ, ಯಕೃತ್ತಿನಲ್ಲಿ ಔಷಧಿಗಳನ್ನು ಒಡೆದು ಹೊರಹಾಕುವ ವ್ಯವಸ್ಥೆಯನ್ನು ಅದು ನಿಧಾನ ಮಾಡುತ್ತದೆ. ಅರಿಸಿನದ ಜೊತೆ ಮೆಣಸು ಹಾಕಿ ಅನ್ನುವುದರ ಹಿಂದೆಯೂ ಇದೇ ಇದೆ. 1998ರಲ್ಲಿ ಬೆಂಗಳೂರಿನಲ್ಲಿ ನಡೆದ ಅಧ್ಯಯನದಲ್ಲಿ 2 ಗ್ರಾಂ ಕರ್ಕ್ಯುಮಿನ್ (ಅರಿಸಿನದ ಹಳದಿ ಅಂಶ) ಜೊತೆ 20 ಮಿಲಿಗ್ರಾಂ ಪಿಪರಿನ್ ಕೊಟ್ಟಾಗ ದೇಹಕ್ಕೆ ದಕ್ಕುವ ಕರ್ಕ್ಯುಮಿನ್ ಶೇಕಡಾ 2000ರಷ್ಟು ಹೆಚ್ಚಿತು. ಇದನ್ನು ಓದಿ ಅರಿಸಿನ ಹಾಲಿನ ಮೇಲೆ ಅತಿಯಾದ ಆಸೆ ಇಟ್ಟುಕೊಳ್ಳಬೇಡಿ. ಅರಿಸಿನ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಮೂರರ ಆಸುಪಾಸು. ಅರ್ಧ ಚಮಚದಲ್ಲಿ 2 ಗ್ರಾಂ ಎಲ್ಲಿಂದ ಬರಬೇಕು?

ಅರಿಸಿನಕ್ಕೆ ಆದದ್ದೇ ಮಾತ್ರೆಗೂ ಆಗುತ್ತದೆ. ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್, ಉಬ್ಬಸಕ್ಕೆ ಕೊಡುವ ಥಿಯೊಫಿಲಿನ್, ಬಿಪಿಗೂ ಎದೆಬಡಿತಕ್ಕೂ ಕೊಡುವ ಪ್ರೊಪ್ರನೊಲಾಲ್, ಇವು ಪಿಪರಿನ್ ಜೊತೆ ರಕ್ತದಲ್ಲಿ ಹೆಚ್ಚು ಉಳಿಯುತ್ತವೆ ಎಂದು ಮನುಷ್ಯರಲ್ಲೇ ನೋಡಿದ್ದಾರೆ. ಒಂದು ಕಾಳು ಸುಮಾರು 45 ಮಿಲಿಗ್ರಾಂ ತೂಗುತ್ತದೆ, ಅದರಲ್ಲಿ ಪಿಪರಿನ್ ನೂರಕ್ಕೆ ಐದು ಎಂದು ಹಿಡಿದರೆ ಹತ್ತು ಕಾಳಿಗೆ 20 ಮಿಲಿಗ್ರಾಂ ಮೇಲಾಯಿತು. ಸೋಸಿದ ಕಷಾಯಕ್ಕೆ ಅಷ್ಟೂ ಇಳಿಯುವುದಿಲ್ಲ ನಿಜ. ಪುಡಿಯನ್ನೇ ಜೇನಿನಲ್ಲಿ ನೆಕ್ಕಿದರೆ ಅಷ್ಟೂ ಒಳಗೆ ಹೋಗುತ್ತದೆ. ಹಾಗಾಗಿ ಊಟದ ಸಾರಿನ ಮೆಣಸು ಬೇರೆ, ಔಷಧಿ ಅಂತ ದಿನಕ್ಕೆ ಮೂರು ಹೊತ್ತು ತೆಗೆದುಕೊಳ್ಳುವ ಮೆಣಸು ಬೇರೆ. ಮಾತ್ರೆಯ ಪಟ್ಟಿಯ ಹಿಂದೆ ಬರೆದ ಹೆಸರು ನೋಡಿ. ಮೇಲೆ ಹೇಳಿದ್ದು ಯಾವುದಾದರೂ ಇದ್ದರೆ, ಇಲ್ಲವೇ ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ, ವೈದ್ಯರನ್ನು ಕೇಳದೆ ಮೆಣಸಿನ ಕಷಾಯ ಶುರು ಮಾಡಬೇಡಿ. ಅಂಗಡಿಯ ತ್ರಿಕಟು ಚೂರ್ಣಕ್ಕೂ ಇದೇ ಮಾತು. ಅದರಲ್ಲಿ ಶುಂಠಿ, ಮೆಣಸು, ಹಿಪ್ಪಲಿ ಸಮಪಾಲು, ಮೆಣಸಿನಲ್ಲೂ ಹಿಪ್ಪಲಿಯಲ್ಲೂ ಇರುವುದು ಇದೇ ಪಿಪರಿನ್.

ಎದೆಯುರಿ, ಹೊಟ್ಟೆಹುಣ್ಣು ಇರುವವರು ಖಾಲಿ ಹೊಟ್ಟೆಯಲ್ಲಿ ಕುಡಿಯಬಾರದು. ಊಟವಾಗಿ ಅರ್ಧ ಗಂಟೆ ಬಿಟ್ಟು, ಹಾಲು ಹಾಕಿ, 4 ಕಾಳಿಗೆ ಇಳಿಸಿ ನೋಡಿ. ಆಗಲೂ ಉರಿ ಬಂದರೆ ಆ ಮೈಗೆ ಮೆಣಸು ಬೇಡ ಅಂತಲೇ. ಜೀರಿಗೆ-ಕೊತ್ತಂಬರಿಯದಷ್ಟೇ ಕಷಾಯ ಮಾಡಿಕೊಡಿ.

ಮಗುವಿಗೆ ಒಂದೆರಡು ಕಾಳು ಹಾಕಿದ ತಿಳಿಸಾರು ಅನ್ನಕ್ಕೆ ಕಲಸಿ ಕೊಟ್ಟರೆ ಸಾಕು. ಒಣಪುಡಿಯನ್ನು ಬಾಯಿಗೆ ಹಾಕಲೇಬೇಡಿ, ಇಡೀ ಕಾಳು ಜಗಿಯಲು ಕೊಡಬೇಡಿ. ಮಗು ಕೆಮ್ಮುತ್ತಿರುವಾಗ ಪುಡಿ ಉಸಿರಿನ ದಾರಿಗೆ ಹೋದರೆ ಪ್ರಾಣಕ್ಕೇ ಅಪಾಯ. ಒಂದು ವರ್ಷದೊಳಗಿನ ಕೂಸಿಗೆ ಜೇನೂ ಬೇಡ.

ತೀರ್ಥಹಳ್ಳಿ ಒಲೆಕಟ್ಟೆ:

ತಿಳಿಸಾರಿನ ಮಾತು ಬಂತಲ್ಲ, ಅದನ್ನೂ ಬರೆದುಬಿಡುತ್ತೇನೆ. ನಾಲ್ಕು ಜನಕ್ಕೆ ಅರ್ಧ ಚಮಚ ಕಾಳುಮೆಣಸು, ಒಂದು ಚಮಚ ಜೀರಿಗೆ ತುಪ್ಪದಲ್ಲಿ ಬೆಚ್ಚಗೆ ಮಾಡಿ, ನಾಲ್ಕು ಎಸಳು ಬೆಳ್ಳುಳ್ಳಿ ಜೊತೆ ಜಜ್ಜಿ. ಹುಣಸೆಹಣ್ಣಿನ ಇಲ್ಲವೇ ವಾಟೆಹುಳಿಯ ತೆಳು ರಸ, ಒಂದು ಲೋಟ ಬೇಳೆಕಟ್ಟು, ಉಪ್ಪು, ಎರಡು ಲೋಟ ನೀರು. ಹುಳಿ ಕುದಿದ ಮೇಲೆ ಜಜ್ಜಿದ್ದನ್ನು ಹಾಕಿ, ನೊರೆ ಎದ್ದ ಕೂಡಲೇ ಇಳಿಸಿ. ಮೇಲೆ ಕರಿಬೇವಿನ ಒಗ್ಗರಣೆ. ಮಗುವಿನ ಪಾಲು ಬೇಳೆಕಟ್ಟಿನಲ್ಲೇ ಮೊದಲು ತೆಗೆದಿಟ್ಟು, ಅದಕ್ಕೆ ಒಂದು ಕಾಳು ಬೇರೆಯಾಗಿ ಜಜ್ಜಿ ಹಾಕಿ ಕುದಿಸಿ. ಮೂಗು ಕಟ್ಟಿದವರಿಗೆ ಕಷಾಯಕ್ಕಿಂತ ಈ ಬಿಸಿ ಸಾರೇ ಹಿತ ಅನ್ನುವುದು ನನ್ನ ಅಭಿಪ್ರಾಯ. ಹೊಟ್ಟೆಗೂ ಆಯಿತು, ಉರಿಯೂ ಇಲ್ಲ.

ಗಂಟಲು ಕೆರೆತಕ್ಕೆ ಒಂದು ವೀಳ್ಯದೆಲೆ, ಎರಡು ಕಾಳು, ನಾಲ್ಕು ಹರಳು ಉಪ್ಪು ಮಡಚಿ ನಿಧಾನಕ್ಕೆ ಜಗಿದು ರಸ ನುಂಗುವುದು. ದಿನಕ್ಕೆ ಎರಡು ಸಲ ಸಾಕು. ಎಲೆ ಇದೆಯಲ್ಲ ಅಂತ ಅಡಿಕೆ, ಹೊಗೆಸೊಪ್ಪು ಸೇರಿಸಬೇಡಿ.

ಸೊರಬದ ದಾರಿ ಉತ್ತರಿಸಿದ್ದು:

ನೆಗಡಿಗೆ ಇಷ್ಟೆಲ್ಲ ಸರಿ. ಜ್ವರ ಬಂದರೆ ಲೆಕ್ಕ ಬೇರೆ, ಇದು ನಮ್ಮ ಜಿಲ್ಲೆಯವರು ಮರೆಯಬಾರದ ವಿಷಯ. ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರಿನಿಂದ ಮೇ ತನಕ, ಅಂದರೆ ಮೆಣಸು ಕೊಯ್ಯುವ, ದರಕು (ಉದುರಿದ ಒಣ ಎಲೆ) ಗುಡಿಸುವ ದಿನಗಳಲ್ಲೇ ಅದರ ಕಾಟ ಹೆಚ್ಚು. ಕಾಡಿಗೆ ಹೋಗಿ ಬಂದವರಿಗೆ, ಉಣುಗು (ಉಣ್ಣೆ) ಕಚ್ಚಿದವರಿಗೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ಸೆಳೆತ ಬಂದರೆ ಕಷಾಯ ಕುಡಿಸಿ ಎರಡು ದಿನ ನೋಡೋಣ ಅನ್ನಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ, ಕಾಡಿಗೆ ಹೋಗಿದ್ದನ್ನು ಹೇಳಿ. ಮಳೆಗಾಲದಲ್ಲಿ ಗದ್ದೆ ಕೆಲಸ ಮಾಡಿದವರಿಗೆ ಇಲಿಜ್ವರ, ಊರಲ್ಲಿ ಸೊಳ್ಳೆ ಇದ್ದರೆ ಡೆಂಗಿ. ವಸಡಿನಲ್ಲಿ ರಕ್ತ, ಕಣ್ಣು ಹಳದಿ, ಉಸಿರಿಗೆ ಕಷ್ಟ, ಎರಡು ವಾರ ದಾಟಿದ ಕೆಮ್ಮು, ಇವು ಯಾವುದಕ್ಕೂ ಮೆಣಸು ಮದ್ದಲ್ಲ.

ಹೊಸನಗರದ ಹೊಳೆಬದಿ:

ಬಹಳ ಉಪಕಾರವಾಯಿತು. ಹಿರಿಯರ ಮಾತ್ರೆ ಪಟ್ಟಿಯಲ್ಲಿ ಪ್ರೊಪ್ರನೊಲಾಲ್ ಇದೆ, ವೈದ್ಯರನ್ನು ಕೇಳುವ ತನಕ ಅವರಿಗೆ ಜೀರಿಗೆ-ಕೊತ್ತಂಬರಿಯದೇ. ಇನ್ನೊಂದು ಕೇಳುವುದಿತ್ತು: ಸೋಸಿ ಉಳಿದ ಚರಟವನ್ನು ಸಂಜೆಗೆ ಮತ್ತೆ ಕುದಿಸಬಹುದೇ?

ತೀರ್ಥಹಳ್ಳಿ ಒಲೆಕಟ್ಟೆ:

ಬೇಡ. ಘಮ ಮೊದಲ ಕುದಿಯಲ್ಲೇ ಹೋಗಿರುತ್ತದೆ, ಖಾರ ಮಾತ್ರ ಚೂರುಗಳಲ್ಲಿ ಉಳಿದಿರುತ್ತದೆ. ಮತ್ತೆ ಕುದಿಸಿದರೆ ರುಚಿಯಿಲ್ಲದ ಖಾರದ ನೀರು ಸಿಗುತ್ತದೆ ಅಷ್ಟೆ. ಮೇಲಾಗಿ ಒದ್ದೆ ಚರಟ ಈ ಹವೆಯಲ್ಲಿ ಸಂಜೆಯೊಳಗೆ ಹುಳಿವಾಸನೆ ಬರುತ್ತದೆ. ಬಿಸಾಡಲು ಮನಸ್ಸಿಲ್ಲದಿದ್ದರೆ ಮಧ್ಯಾಹ್ನದ ಸಾರಿಗೇ ಹಾಕಿ, ತುಪ್ಪದ ಒಗ್ಗರಣೆಗೆ ಆ ಖಾರ ಇಳಿಯುತ್ತದೆ. ಆ ಸಾರನ್ನು ಮಾತ್ರ ಮಾತ್ರೆಯ ಹಿರಿಯರಿಗೆ ಬಡಿಸಬೇಡಿ.