ಸಂಪರ್ಕ ಕಡಿದು ಮರಳಿದವರು ಚಾಟ್ ರೂಮಿನಿಂದ ಹೊರಗುಳಿಯುವುದೇಕೆ?

ಪ್ರಶ್ನೆ (ತೀರ್ಥಹಳ್ಳಿ)
ಅಡಿಕೆ ಬೆಳೆಗಾರರು ಶಿವಮೊಗ್ಗ ಮಾರುಕಟ್ಟೆಯ ಧಾರಣೆಯನ್ನು ಚರ್ಚಿಸಲೆಂದು ನೋಡ್ ಜೆಎಸ್ (ಸರ್ವರಿನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ತಂತ್ರಾಂಶ) ಮತ್ತು ಸಾಕೆಟ್ ಐಒ (ಸರ್ವರ್ ಮತ್ತು ಬ್ರೌಸರ್ ನಡುವೆ ಸಂದೇಶಗಳನ್ನು ಆ ಕ್ಷಣವೇ ಸಾಗಿಸುವ ಲೈಬ್ರರಿ) ಬಳಸಿ ಚಾಟ್ ವ್ಯವಸ್ಥೆಯೊಂದನ್ನು ಕಟ್ಟುತ್ತಿದ್ದೇನೆ. ರಾಶಿ, ಬೆಟ್ಟೆ, ಸರಕು, ಗೊರಬಲು ಹೀಗೆ ಅಡಿಕೆಯ ಒಂದೊಂದು ಬಗೆಗೂ ಒಂದು ರೂಮ್ ಇದೆ, ಸದಸ್ಯರ ಪಟ್ಟಿಯನ್ನು ರೂಮಿನಿಂದಲೇ ಓದುತ್ತೇನೆ. ಮಳೆಗಾಲದಲ್ಲಿ ಕರೆಂಟು ಹೋಗಿ ಸಿಗ್ನಲ್ ಬಂದು ಹೋಗಿ ಆಗುವಾಗ, ಮರಳಿ ಬಂದವರಿಗೆ ಸಂದೇಶಗಳು ತಲುಪುವುದಿಲ್ಲ. ಉಳಿದವರಿಗೋ ‘ಹೊರಟರು’, ‘ಬಂದರು’ ಎಂಬ ಸೂಚನೆಗಳದೇ ಕಾಟ. ಇದಕ್ಕೆ ಸರಿಯಾದ ಕ್ರಮ ಯಾವುದು?

ಉತ್ತರ 1 (ಸಾಗರ)
ರೂಮ್ ಎಂಬುದು ಸರ್ವರ್ ತನ್ನ ಮೆಮೊರಿಯಲ್ಲಿ ಇಟ್ಟುಕೊಳ್ಳುವ ತಾತ್ಕಾಲಿಕ ಪಟ್ಟಿ ಮಾತ್ರ. ಸಂಪರ್ಕ ಕಡಿದೊಡನೆ ಸಾಕೆಟ್ (ಸರ್ವರಿನೊಂದಿಗೆ ಒಂದು ಸಾಧನದ ಸಂಪರ್ಕ) ತಾನಿದ್ದ ಎಲ್ಲ ರೂಮುಗಳಿಂದಲೂ ಹೊರಬೀಳುತ್ತದೆ, ಮರಳಿ ಬಂದಾಗ ಹೊಸ ಗುರುತಿನ ಸಂಖ್ಯೆ ಪಡೆಯುತ್ತದೆ. ಆದ್ದರಿಂದ ಯಾರು ಸದಸ್ಯರು ಎಂಬುದು ಡೇಟಾಬೇಸಿನಲ್ಲಿರಲಿ, ಈಗ ಯಾರು ಆನ್‌ಲೈನ್ ಇದ್ದಾರೆ ಎಂಬುದಕ್ಕಷ್ಟೇ ರೂಮನ್ನು ನೋಡಿ. ಪ್ರತಿ ಸಂಪರ್ಕದಲ್ಲೂ ಟೋಕನ್ (ಬಳಕೆದಾರರು ಯಾರೆಂದು ತೋರಿಸುವ ಗುರುತು) ಪರಿಶೀಲಿಸಿದ ಮೇಲೆ, ಡೇಟಾಬೇಸ್ ಹೇಳಿದ ರೂಮುಗಳಿಗೆ ಸರ್ವರೇ ಅವರನ್ನು ಸೇರಿಸಬೇಕು. ಬ್ರೌಸರ್ ಕಳುಹಿಸಿದ ರೂಮಿನ ಹೆಸರನ್ನು ನಂಬಿದರೆ ಯಾರು ಬೇಕಾದರೂ ಎಲ್ಲಿಗೆ ಬೇಕಾದರೂ ನುಗ್ಗಬಹುದು.

‘ಹೊರಟರು’ ಸೂಚನೆಗೆ ಪ್ರತಿ ಬಳಕೆದಾರರಿಗೂ ಅವರದೇ ಒಂದು ಖಾಸಗಿ ರೂಮ್ ಕೊಡಿ. ಫೋನು, ಲ್ಯಾಪ್‌ಟಾಪು ಎರಡೂ ಅದರಲ್ಲಿರುತ್ತವೆ. ಅದು ಖಾಲಿಯಾಗಿ ಒಂದು ನಿಮಿಷವಾದರೂ ಯಾರೂ ಮರಳದಿದ್ದರೆ ಮಾತ್ರ ಸೂಚನೆ ಹೋಗಲಿ. ಸಾಕೆಟ್ ಐಒದ ನಾಲ್ಕನೆಯ ಆವೃತ್ತಿಯ ಮೂಲ ಹೊಂದಿಕೆಯಲ್ಲಿ ಸರ್ವರ್ 25 ಸೆಕೆಂಡಿಗೊಮ್ಮೆ ಪಿಂಗ್ (ಸಂಪರ್ಕ ಇದೆಯೇ ಎಂದು ಕೇಳುವ ಪುಟ್ಟ ಸಂಕೇತ) ಕಳುಹಿಸಿ ಉತ್ತರಕ್ಕೆ 20 ಸೆಕೆಂಡು ಕಾಯುವುದರಿಂದ, ಸಿಗ್ನಲ್ ಸದ್ದಿಲ್ಲದೆ ಸತ್ತದ್ದು ಅದಕ್ಕೆ ತಿಳಿಯಲು ಮುಕ್ಕಾಲು ನಿಮಿಷದವರೆಗೂ ಹಿಡಿಯಬಹುದು.

ಉತ್ತರ 2 (ಶಿವಮೊಗ್ಗ)
ಮೇಲಿನ ಕ್ರಮದಿಂದ ರೂಮ್ ಮರಳಿ ಸಿಗುತ್ತದೆ, ನಡುವೆ ತಪ್ಪಿದ ಸಂದೇಶ ಸಿಗುವುದಿಲ್ಲ. ಸಂದೇಶವನ್ನು ಮೊದಲು ಡೇಟಾಬೇಸಿಗೆ ಬರೆದು, ಆಯಾ ರೂಮಿನ ಕ್ರಮಸಂಖ್ಯೆ ಕೊಟ್ಟು, ಆಮೇಲೆ ಹಂಚಿ. ಮರಳಿ ಬಂದವರು ತಮ್ಮಲ್ಲಿರುವ ಕೊನೆಯ ಸಂಖ್ಯೆ ತಿಳಿಸಿದರೆ ಅಲ್ಲಿಂದ ಮುಂದಿನದನ್ನು ಕಳುಹಿಸಬಹುದು. 4.6 ಆವೃತ್ತಿಯಿಂದ ಸಂಪರ್ಕದ ಸ್ಥಿತಿಯನ್ನು ಮರಳಿಸುವ ಸೌಲಭ್ಯವಿದೆಯಾದರೂ ಅದು ಅಲ್ಪಕಾಲದ ಕಡಿತಕ್ಕಷ್ಟೇ ಸಾಕು; ರಾತ್ರಿಯಿಡೀ ಕರೆಂಟಿಲ್ಲದ ಊರಿಗೆ ಅದನ್ನು ನಂಬಲಾಗದು. ಮುಂದೆ ಸರ್ವರ್ ಎರಡಾದರೆ, ಒಂದರ ಸಂದೇಶವನ್ನು ಇನ್ನೊಂದಕ್ಕೆ ತಲುಪಿಸಲು ರೆಡಿಸ್ (ಮೆಮೊರಿಯಲ್ಲಿ ಕೆಲಸ ಮಾಡುವ ಡೇಟಾಬೇಸ್) ಅಡಾಪ್ಟರ್ ಬೇಕಾಗುತ್ತದೆ, ಆದರೆ ರೆಡಿಸ್‌ನ ಪಬ್‌ಸಬ್ (ಸಂದೇಶವನ್ನು ಆಗ ಕೇಳುತ್ತಿರುವವರಿಗೆಲ್ಲ ಹಂಚುವ ಕ್ರಮ) ಸಂದೇಶಗಳನ್ನು ಉಳಿಸಿಡುವುದಿಲ್ಲವೆಂಬುದು ನೆನಪಿರಲಿ.

ಪ್ರಶ್ನೆ ಕೇಳಿದವರು
ಧನ್ಯವಾದಗಳು. ಒಬ್ಬರನ್ನು ರೂಮಿನಿಂದ ತೆಗೆದುಹಾಕುವಾಗ ಅವರ ಎಲ್ಲ ಸಾಧನಗಳನ್ನೂ ಒಟ್ಟಿಗೆ ಹೊರಗಿಡುವುದು ಹೇಗೆ?

ಉತ್ತರ 1 (ಸಾಗರ)
ಅವರ ಖಾಸಗಿ ರೂಮಿನ ಮೇಲೆ ಸಾಕೆಟ್ಸ್‌ಲೀವ್ (ಅದರಲ್ಲಿರುವ ಎಲ್ಲ ಸಾಕೆಟ್‌ಗಳನ್ನೂ ಹೇಳಿದ ರೂಮಿನಿಂದ ಹೊರಗಿಡುವ ಸಾಕೆಟ್ ಐಒ ಆದೇಶ) ಕರೆದರೆ ಸಾಕು. ಅದಕ್ಕೂ ಮೊದಲು ಡೇಟಾಬೇಸಿನ ಸದಸ್ಯತ್ವವನ್ನು ಅಳಿಸಿ, ಇಲ್ಲವಾದರೆ ಮುಂದಿನ ಸಂಪರ್ಕದಲ್ಲಿ ಸರ್ವರೇ ಅವರನ್ನು ಮತ್ತೆ ಒಳಗೆ ಸೇರಿಸುತ್ತದೆ.