ಧರ್ಮಶಾಸ್ತ್ರದ ಅಧೀನದಲ್ಲಿಲ್ಲವೆಂದ ಮೇಲೆ ಯಾವ ಆಜ್ಞೆ ನಮ್ಮದು?

ಪ್ರಶ್ನೆ (ಗುಳೇದಗುಡ್ಡದಿಂದ)

ಕರ್ತನಾದ ಯೇಸುವಿನ ನಾಮದಲ್ಲಿ ಎಲ್ಲರಿಗೂ ವಂದನೆಗಳು. ನಮ್ಮದು ನಾಲ್ಕು ಮಗ್ಗಗಳ ನೇಕಾರ ಮನೆತನ. ಅಜ್ಜನ ಕಾಲದಿಂದಲೂ ಸಭೆಯಲ್ಲಿದ್ದೇವೆ. ಈಚೆಗೆ ಬಾಗಲಕೋಟೆಯ ಒಂದು ಪ್ರಾರ್ಥನಾ ಕೂಟಕ್ಕೆ ಹೋಗತೊಡಗಿದ ನನ್ನ ತಮ್ಮ, ಶನಿವಾರವೇ ನಿಜವಾದ ಸಬ್ಬತ್ತು (ವಿಶ್ರಾಂತಿಯ ದಿನ) ಎಂದೂ ಅಂದು ಮಗ್ಗ ನಿಲ್ಲಿಸಬೇಕೆಂದೂ, ಬೈಬಲಿನ ಯಾಜಕಕಾಂಡದ 11ನೆಯ ಅಧ್ಯಾಯದಲ್ಲಿ ಅಶುದ್ಧವೆಂದಿರುವ ಹಂದಿಮಾಂಸ ಮೊದಲಾದುದನ್ನು ತಿನ್ನಬಾರದೆಂದೂ ಹಟ ಹಿಡಿದಿದ್ದಾನೆ. ಬನಶಂಕರಿ ಜಾತ್ರೆಗೆ ಪಕ್ಕದ ಮನೆಯವರು ಎಡೆ ಮಾಡಿ ತಂದುಕೊಟ್ಟ ಕಡಬನ್ನು ಅವ್ವ ತಿಂದಳೆಂದು ಎರಡು ದಿನ ಅವಳೊಡನೆ ಮಾತು ಬಿಟ್ಟ. ನಾವು ಧರ್ಮಶಾಸ್ತ್ರದ, ಅಂದರೆ ಮೋಶೆಯ ಮೂಲಕ ಬಂದ ವಿಧಿಗಳ ಅಧೀನದಲ್ಲಿಲ್ಲ, ದೇವರ ಕೃಪೆಯ ಅಧೀನದಲ್ಲಿದ್ದೇವೆ ಎಂದರೆ, ‘ಹಾಗಾದರೆ ಕೊಲ್ಲಬಾರದು, ಕದಿಯಬಾರದು ಎಂಬುವನ್ನು ಮಾತ್ರ ಏಕೆ ಇಟ್ಟುಕೊಂಡಿರಿ, ಅನುಕೂಲ ನೋಡಿ ಆರಿಸಿಕೊಂಡಿರಾ?’ ಎಂದು ಕೇಳುತ್ತಾನೆ. ನನ್ನಲ್ಲಿ ನೇರವಾದ ಉತ್ತರವಿಲ್ಲ.

ಉತ್ತರ 1 (ವಿಜಯಪುರದಿಂದ)

ನಿಮ್ಮ ತಮ್ಮನ ಪ್ರಶ್ನೆ ಹಗುರವಾದುದಲ್ಲ. ಸುಮಾರು ಕ್ರಿ.ಶ. 49ರಲ್ಲಿ ಅಪೊಸ್ತಲರೂ ಹಿರಿಯರೂ ಯೆರೂಸಲೇಮಿನಲ್ಲಿ ಕೂಡಿದ್ದು ಇಂಥದೇ ವಿವಾದವನ್ನು ಬಗೆಹರಿಸಲು. ಯೆಹೂದ್ಯರಲ್ಲದ ಅನ್ಯಜನರಿಂದ ಬಂದ ವಿಶ್ವಾಸಿಗಳೂ ಸುನ್ನತಿ ಮಾಡಿಸಿಕೊಳ್ಳಲೇಬೇಕೆಂದು ಕೆಲವರು ವಾದಿಸಿದಾಗ, ನಮ್ಮ ಪಿತೃಗಳೂ ನಾವೂ ಹೊರಲಾರದ ನೊಗವನ್ನು ಇವರ ಹೆಗಲಿಗೇಕೆ ಹಾಕುತ್ತೀರಿ ಎಂದು ಯೇಸುವಿನ ಶಿಷ್ಯ ಪೇತ್ರನು ಕೇಳಿದನು. ಹಬ್ಬ, ಸಬ್ಬತ್ತು, ಅನ್ನಪಾನಗಳ ವಿಧಿಗಳು ಮುಂದೆ ಬರಬೇಕಾದವುಗಳ ನೆರಳು, ನಿಜವಸ್ತು ಕ್ರಿಸ್ತನೇ ಎಂದು ಅಪೊಸ್ತಲ ಪೌಲನ ಹೆಸರಿನಲ್ಲಿ ಕೊಲೊಸ್ಸೆಯವರಿಗೆ ಬರೆದ ಪತ್ರ ಹೇಳುತ್ತದೆ. ಕೊಲೆ, ಕಳವು, ದುರಾಶೆಗಳ ನಿಷೇಧವಾದರೋ ನೆರೆಯವನನ್ನು ಪ್ರೀತಿಸುವುದರಲ್ಲಿ ಅಡಗಿದೆಯೆಂದು ರೋಮಾಪುರದವರಿಗೆ ಬರೆದ ಪತ್ರದ 13ನೆಯ ಅಧ್ಯಾಯದಲ್ಲಿ ಪೌಲನೇ ವಿವರಿಸುತ್ತಾನೆ. ಆರಿಸಿದ್ದು ನಮ್ಮ ಅನುಕೂಲವಲ್ಲ. ಆದರೂ ತಮ್ಮನು ಶನಿವಾರವನ್ನು ಕರ್ತನಿಗಾಗಿ ಆಚರಿಸುವುದಾದರೆ ಅದೇ ಪತ್ರದ 14ನೆಯ ಅಧ್ಯಾಯ ಅವನಿಗೂ ಸ್ಥಳ ಕೊಡುತ್ತದೆ. ತಾಯಿಗೆ ತೀರ್ಪು ಕೊಡುವ ಅಧಿಕಾರವನ್ನು ಮಾತ್ರ ಕೊಡುವುದಿಲ್ಲ.

ಉತ್ತರ 2 (ಬೆಳಗಾವಿಯಿಂದ)

ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಬಿಡುಗಡೆಯೆಂಬ ಮಾತು ನಮ್ಮ ಬಾಯಲ್ಲಿ ಬಹಳ ಸುಲಭವಾಗಿಬಿಟ್ಟಿದೆ ಎಂಬ ಸಂಕಟ ನನ್ನದು. ಕಬ್ಬು ಕಡಿದವರ ಕೂಲಿಯನ್ನು ತಿಂಗಳುಗಟ್ಟಲೆ ತಡೆದು, ಕೇಳಿದಾಗ ‘ನಾವು ಕೃಪೆಯಲ್ಲಿದ್ದೇವೆ’ ಎಂದ ಒಬ್ಬ ವಿಶ್ವಾಸಿಯನ್ನು ನಾನು ಕಂಡಿದ್ದೇನೆ. ಬಡ ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವ ಮುಂಚೆಯೇ ಕೊಡಬೇಕೆಂಬುದು ಧರ್ಮೋಪದೇಶಕಾಂಡ 24ರಲ್ಲಿದೆ, ಅದೂ ಮೋಶೆಯ ಧರ್ಮಶಾಸ್ತ್ರವೇ. ಹಂದಿಮಾಂಸಕ್ಕಾಗಿ ಜಗಳವಾಡುವವರೂ ಅದನ್ನು ಬಿಟ್ಟವರೂ ಈ ವಚನವನ್ನು ಎತ್ತುವುದೇ ಇಲ್ಲ. ಧರ್ಮಶಾಸ್ತ್ರವನ್ನು ತೆಗೆದುಹಾಕಲು ಬಂದಿಲ್ಲ, ನೆರವೇರಿಸಲು ಬಂದೆನೆಂದು ಹೇಳಿದ ಕರ್ತನು ಕೊಲೆಯ ಆಜ್ಞೆಯನ್ನು ಕೋಪದವರೆಗೂ ಇಳಿಸಿದನು; ಬಿಡುಗಡೆ ಹೊಂದಿದವನ ಹೊಣೆ ಕಡಿಮೆಯಾಗುವುದಿಲ್ಲ.

ಉತ್ತರ 3 (ಬಾದಾಮಿಯಿಂದ, ಒಬ್ಬ ಸಹೋದರಿ)

ಕಡಬಿನ ವಿಷಯ ಯಾರೂ ಹೇಳಲಿಲ್ಲ. ಸಂತೆಯ ಮಾಂಸವನ್ನು ವಿಚಾರಿಸದೆ ತಿನ್ನಿರಿ, ಆದರೆ ಇದು ನೈವೇದ್ಯವೆಂದು ಒಬ್ಬನು ತಿಳಿಸಿದರೆ ತಿಳಿಸಿದವನ ಮನಸ್ಸಾಕ್ಷಿಯ ನಿಮಿತ್ತ ತಿನ್ನಬೇಡಿರಿ ಎಂದು ಪೌಲನು ಕೊರಿಂಥದವರಿಗೆ ಬರೆದಿದ್ದಾನೆ. ಆದ್ದರಿಂದ ತಮ್ಮನ ಆತಂಕಕ್ಕೆ ಆಧಾರವೇ ಇಲ್ಲವೆನ್ನಲಾಗದು. ಆದರೆ ಅವ್ವನೊಡನೆ ಮಾತು ಬಿಟ್ಟದ್ದಕ್ಕೆ ಆಧಾರವಿಲ್ಲ. ನಮ್ಮ ಅತ್ತೆಯವರು ಪಕ್ಕದ ಮನೆಯವರಿಗೆ ಒಮ್ಮೆ ಪ್ರೀತಿಯಿಂದ ತಿಳಿಸಿ ಹೇಳಿದರು. ಅಂದಿನಿಂದ ಅವರು ಎಡೆ ಹಿಡಿಯುವ ಮುಂಚೆಯೇ ನಮ್ಮ ಪಾಲನ್ನು ಬೇರೆ ತೆಗೆದಿಡುತ್ತಾರೆ, ಕ್ರಿಸ್‌ಮಸ್ಸಿಗೆ ನಮ್ಮ ಮನೆಯ ಉಂಡಿ ಅವರಿಗೆ ಹೋಗುತ್ತದೆ. ಪೌಲನು ತನ್ನ ಜೊತೆಗಾರ ತೀತನಿಗೆ ಸುನ್ನತಿ ಮಾಡಿಸಲು ಒಪ್ಪಲಿಲ್ಲ, ಇನ್ನೊಬ್ಬ ಜೊತೆಗಾರ ತಿಮೊಥೆಯನಿಗೆ ತಾನೇ ಮಾಡಿಸಿದನು. ತೀತನ ವಿಷಯದಲ್ಲಿ ಅದನ್ನು ಬಲವಂತವಾಗಿ ಹೇರುವವರಿದ್ದರು, ತಿಮೊಥೆಯನ ವಿಷಯದಲ್ಲಿ ಗೆಲ್ಲಬೇಕಾದ ಯೆಹೂದ್ಯರಿದ್ದರು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಇಂದು ರಾತ್ರಿ ತಮ್ಮನೊಡನೆ ರೋಮಾಪುರದವರಿಗೆ ಬರೆದ 14ನೆಯ ಅಧ್ಯಾಯವನ್ನು ಓದುತ್ತೇನೆ, ಅವ್ವನೂ ಕೂಡುತ್ತಾಳೆ. ಬೆಳಗಾವಿಯ ಸಹೋದರರ ಮಾತು ನನಗೇ ತಟ್ಟಿತು. ನಮ್ಮಲ್ಲಿ ಮಗ್ಗಕ್ಕೆ ಹಾಸು (ಉದ್ದನೆಯ ನೂಲು) ಹೂಡುವ ಹೆಣ್ಣುಮಗಳಿಗೆ ಎರಡು ವಾರದ ಕೂಲಿ ಬಾಕಿಯಿದೆ, ಓದುವುದಕ್ಕೆ ಮುಂಚೆ ಅದನ್ನು ಕೊಟ್ಟು ಬರುತ್ತೇನೆ.