ವಿನೆಗರ್ ಹಾಕಿ ಕಾವಿ ನೆಲ ಹಾಳು ಮಾಡಿಕೊಂಡೆ. ಮನೆಯಲ್ಲೇ ಮಾಡುವ ಕ್ಲೀನರ್ ಯಾವುದಕ್ಕೆ ಯಾವುದು?

ಸಂತೆಕಟ್ಟೆ ಸೊಸೆ:

ಎಲ್ಲರಿಗೂ ನಮಸ್ಕಾರ. ಉಡುಪಿ ಹತ್ತಿರ ನಮ್ಮದು ಹಳೆ ಹಂಚಿನ ಮನೆ. ಪಾತ್ರೆ ತೊಳೆಯುವ ಲಿಕ್ವಿಡ್‌ನಿಂದ ನನ್ನ ಬಲಗೈ ಬೆರಳ ಸಂದು ಬಿರಿದು, ಹಸಿಮೆಣಸು ಮುಟ್ಟಿದರೆ ಉರಿ ತಡೆಯುವುದಿಲ್ಲ. ಅದೂ ಅಲ್ಲದೆ ಸಿಂಕಿನ ನೀರು, ಬಚ್ಚಲ ನೀರು ಎರಡೂ ಹೋಗುವುದು ಬಾಳೆ ಬುಡಕ್ಕೆ, ಅಲ್ಲಿಂದ ಬಾವಿಗೆ ಇಪ್ಪತ್ತು ಹೆಜ್ಜೆ. ಹಾಗಾಗಿ ಅಂಗಡಿಯ ಫಿನಾಯಿಲ್, ಆ್ಯಸಿಡ್ ಎಲ್ಲ ಬಿಟ್ಟುಬಿಡುವ ಅಂತ ಹೊರಟೆ.

ಒಂದು ವಿಡಿಯೋ ನೋಡಿ ವಿನೆಗರ್‌ಗೆ ಅಡುಗೆ ಸೋಡಾ ಹಾಕಿ ಸಿಂಕ್ ತಿಕ್ಕಿದೆ. ನೊರೆ ಏನೋ ಭರ್ಜರಿ ಬಂತು, ಜಿಡ್ಡು ಮಾತ್ರ ಇದ್ದಲ್ಲೇ ಇತ್ತು. ಉಳಿದ ವಿನೆಗರ್ ಸುಮ್ನೆ ಯಾಕೆ ಹಾಳಾಗುವುದು ಅಂತ ಚಾವಡಿಯ ಕಾವಿ ನೆಲಕ್ಕೆ ಸುರಿದು ಒರೆಸಿದೆ. ಒಣಗಿದ ಮೇಲೆ ನೋಡಿದರೆ ಅಲ್ಲಲ್ಲಿ ಬಿಳಿಚಿಕೊಂಡಿದೆ, ಹೊಳಪೇ ಇಲ್ಲ. ಅತ್ತೆಯ ಮಾವನವರು ಹಾಕಿಸಿದ ನೆಲ ಅದು. ಅತ್ತೆ ಏನೂ ಹೇಳಲಿಲ್ಲ, ನನಗೆ ಅದೇ ಹೆದರಿಕೆ.

ಪಾತ್ರೆಗೆ ಎಂತ ಹಾಕುವುದು, ಈ ನೆಲ ಸರಿ ಆಗುತ್ತದಾ, ಬಾವಿ ನೀರಿನಿಂದ ಬಚ್ಚಲಲ್ಲಿ ಕೂತ ಹಳದಿ ಕಲೆಗೆ ಏನು ಮಾಡುವುದು? ಮಳೆ ಬೇರೆ ಶುರು ಆಯಿತು, ಕಪಾಟಿನ ಹಿಂದೆ ಬೂಷ್ಟು. ಯಾರಾದರೂ ನಿಜವಾಗಿ ಮಾಡಿ ನೋಡಿದವರು ಹೇಳಿ ಮಾರಾಯ್ರೆ, ವಿಡಿಯೋ ಲಿಂಕ್ ಬೇಡ.

ಕಾರ್ಕಳದಕ್ಕ:

ತಂಗೀ, ಮೊದಲು ಕೈಗೆ ತೆಂಗಿನೆಣ್ಣೆ ಹಚ್ಚಿಕೋ. ಆಮೇಲೆ ಪಾತ್ರೆಗೆ ಅಂಟುವಾಳ. ನಾನು ಎಂಟು ವರ್ಷದಿಂದ ಅದನ್ನೇ ಬಳಸುವುದು.

ಹದಿನೈದು ಇಪ್ಪತ್ತು ಕಾಯಿ ಜಜ್ಜಿ ಬೀಜ ತೆಗಿ. ಸಿಪ್ಪೆಯನ್ನು ಒಂದು ಲೀಟರ್ ನೀರಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಅದೇ ನೀರಲ್ಲಿ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಕುದಿಸಬೇಕು. ಪಾತ್ರೆ ದೊಡ್ಡದೇ ಇಡು, ಉಕ್ಕಿದರೆ ಹಾಲಿಗಿಂತ ಕಷ್ಟ, ಒಲೆ ತುಂಬ ನೊರೆ. ಬೇಯುವಾಗ ಒಂಥರಾ ಹುಳಿ ವಾಸನೆ ಬರುತ್ತದೆ, ನಮ್ಮ ಯಜಮಾನರು ಆ ಹೊತ್ತಿಗೆ ಸರಿಯಾಗಿ ತೋಟಕ್ಕೆ ಹೋಗುತ್ತಾರೆ. ತಣಿದ ಮೇಲೆ ಕೈಯಲ್ಲಿ ಚೆನ್ನಾಗಿ ಹಿಸುಕು, ಸಿಪ್ಪೆ ನೆನೆದ ಖರ್ಜೂರದ ಹಾಗೆ ಮೆತ್ತಗಾಗಿ ಜಾರುತ್ತದೆ, ಆಗ ರಸ ಪೂರ್ತಿ ಬಿಟ್ಟಿದೆ ಅಂತ ಲೆಕ್ಕ. ಹಳೆ ಪಂಚೆ ತುಂಡಲ್ಲಿ ಸೋಸಿ ಬಾಟಲಿಗೆ ಹಾಕು. ಕಣ್ಣಿಗೆ ಹಾರಿಸಿಕೊಳ್ಳಬೇಡ, ಸೀಗೆಯಷ್ಟೇ ಉರಿ.

ಹೊರಗಿಟ್ಟರೆ ಮೂರನೇ ದಿನಕ್ಕೆ ಹಳಸುತ್ತದೆ. ಫ್ರಿಜ್ಜಲ್ಲಿ ಒಂದು ವಾರ. ಜಾಸ್ತಿ ಮಾಡಿದರೆ ಐಸ್ ಟ್ರೇಗೆ ಹಾಕಿಡು, ಬೇಕಾದಾಗ ಎರಡು ತುಂಡು ಬಿಸಿನೀರಿಗೆ ಬಿಟ್ಟರಾಯಿತು. ಇನ್ನೊಂದು ವಿಷಯ, ಲಿಕ್ವಿಡ್‌ನಷ್ಟು ನೊರೆ ಬರುವುದಿಲ್ಲ. ನೊರೆ ಇಲ್ಲ ಅಂತ ಮತ್ತೆ ಮತ್ತೆ ಸುರಿದು ಮುಗಿಸಿದವರೇ ಆಮೇಲೆ ಅಂಟುವಾಳ ಕೆಲಸಕ್ಕೆ ಬಾರದು ಅನ್ನುವುದು. ತುಂಬ ಎಣ್ಣೆ ಹಿಡಿದ ಬಾಣಲೆಗೆ ಮೊದಲು ಬಿಸಿ ಗಂಜಿ ತಿಳಿ ಹಾಕಿ ಬಿಡು, ಕುಚ್ಚಲಕ್ಕಿಯದ್ದು ದಪ್ಪ ಇರುತ್ತದಲ್ವಾ, ಎಣ್ಣೆ ಅದಕ್ಕೇ ಹಿಡಿಯುತ್ತದೆ. ಆಮೇಲೆ ತೆಂಗಿನ ನಾರಿಗೆ ಅಂಟುವಾಳ ಹಾಕಿ ತಿಕ್ಕು.

ನೆಲದ ವಿಷಯ ನನಗೆ ಗೊತ್ತಿಲ್ಲ. ಅತ್ತೆ ಸುಮ್ಮನಿದ್ದರೆ ನೀನೂ ಸುಮ್ಮನಿರು.

ಬಿಜೈ ಮೇಷ್ಟ್ರು:

ಮೂವತ್ತು ವರ್ಷ ಕೆಮಿಸ್ಟ್ರಿ ಪಾಠ ಮಾಡಿದವನು, ಹಾಗಾಗಿ ಸ್ವಲ್ಪ ಕೊರೆಯುತ್ತೇನೆ, ಸಹಿಸಿಕೊಳ್ಳಿ.

ವಿನೆಗರ್ ಆಮ್ಲ, ಸೋಡಾ ಕ್ಷಾರ. ಎರಡನ್ನೂ ಬೆರೆಸಿದರೆ ಒಂದರ ಶಕ್ತಿಯನ್ನು ಇನ್ನೊಂದು ತಿಂದುಹಾಕುತ್ತದೆ. ನೀವು ನೋಡಿದ ನೊರೆ ಇಂಗಾಲದ ಡೈ ಆಕ್ಸೈಡ್, ಉಳಿದದ್ದು ಹೆಚ್ಚುಕಮ್ಮಿ ಉಪ್ಪುನೀರಿನ ಹಾಗೆ. ಜಿಡ್ಡಿಗೆ ಅದರಿಂದ ಏನೂ ಆಗುವುದಿಲ್ಲ. ಸೋಡಾ ಬೇಕಿದ್ದರೆ ಸೋಡಾ ಒಂದೇ ಹಾಕಿ ತಿಕ್ಕಿ, ವಿನೆಗರ್ ಬೇಕಿದ್ದರೆ ವಿನೆಗರ್ ಒಂದೇ.

ಕಾವಿ ನೆಲ ಅಂದರೆ ಸಿಮೆಂಟಿಗೋ ಸುಣ್ಣಕ್ಕೋ ಕೆಂಪು ಬಣ್ಣ ಸೇರಿಸಿ ಉಜ್ಜಿದ್ದು. ಅದರ ಸುಣ್ಣದ ಅಂಶವನ್ನು ಆಮ್ಲ ಕರಗಿಸುತ್ತದೆ. ಅಂಗಡಿ ವಿನೆಗರ್‌ನಲ್ಲಿ ಇರುವುದು 4ರಿಂದ 5 ಶೇಕಡಾ ಅಸಿಟಿಕ್ ಆಮ್ಲ, ಅಷ್ಟೇ ಸಾಕು. ನಿಮ್ಮದು ಕಲೆ ಅಲ್ಲ, ಮೇಲಿನ ನಯ ಹೋದದ್ದು, ಆದ್ದರಿಂದ ಎಷ್ಟು ತೊಳೆದರೂ ಹೋಗುವುದಿಲ್ಲ. ಎಣ್ಣೆ ಹಾಕಿ ಉಜ್ಜುತ್ತಾ ಬಂದರೆ ಆ ಬಿಳಿಚಿದ್ದು ಅಷ್ಟು ಎದ್ದು ಕಾಣುವುದಿಲ್ಲ. ಮಾರ್ಬಲ್, ಮೊಸಾಯಿಕ್ ನೆಲಕ್ಕೂ ಇದೇ ಮಾತು, ಲಿಂಬೆ ಹುಳಿಯನ್ನೂ ತಾಗಿಸಬೇಡಿ.

ಬಚ್ಚಲ ಹಳದಿ ಕಲೆ ಕಬ್ಬಿಣದ್ದು. ನಮ್ಮದು ಮುರಕಲ್ಲಿನ, ಅಂದರೆ ಕಬ್ಬಿಣದ ಅಂಶ ಇರುವ ಕೆಂಪು ಕಲ್ಲಿನ ಊರು, ಬಾವಿಯಿಂದ ಸೇದಿದಾಗ ನೀರು ತಿಳಿಯಾಗಿಯೇ ಇರುತ್ತದೆ, ಗಾಳಿ ತಾಗಿದ ಮೇಲೆ ತುಕ್ಕಿನ ಬಣ್ಣ. ಅಲ್ಲಿ ಸೋಪು, ಅಂಟುವಾಳ ಏನು ಹಾಕಿದರೂ ಪ್ರಯೋಜನ ಇಲ್ಲ, ಅಲ್ಲಿಗೇ ಆಮ್ಲ ಬೇಕು. ಹಿತ್ತಲಲ್ಲಿ ಬಿಂಬುಳಿ, ಅಂದರೆ ಬಿಲಿಂಬಿ ಹುಳಿಕಾಯಿಯ ಮರ ಇದ್ದರೆ ಕೆಳಗೆ ಬಿದ್ದು ಕೊಳೆಯುವ ಕಾಯಿ ಹೆಕ್ಕಿ ಜಜ್ಜಿ ಕಲೆ ಮೇಲೆ ಹಾಕಿ, ಅರ್ಧ ಗಂಟೆ ಬಿಟ್ಟು ತಿಕ್ಕಿ. ಅದರಲ್ಲಿ ಆಕ್ಸಾಲಿಕ್ ಆಮ್ಲ ಇದೆ, ತುಕ್ಕಿಗೆ ಅದು ಬಹಳ ಒಳ್ಳೆಯದು. ಅಜ್ಜಿಯಂದಿರು ಹಿತ್ತಾಳೆ ಕಾಲುದೀಪ ಬಿಂಬುಳಿಯಲ್ಲಿ ತಿಕ್ಕುತ್ತಿದ್ದದ್ದೂ ಇದಕ್ಕೇ. ಅದೇ ಆಮ್ಲದ ಕಾರಣಕ್ಕೆ ಬಿಂಬುಳಿ ಜ್ಯೂಸ್ ಲೋಟಗಟ್ಟಲೆ ಕುಡಿದು ಕಿಡ್ನಿ ಕೆಡಿಸಿಕೊಂಡವರು ಇದ್ದಾರೆ, ಇದು ಬೇರೆ ವಿಷಯ, ಆದರೂ ಹೇಳಿದೆ. ಬಿಂಬುಳಿ ಇಲ್ಲದಿದ್ದರೆ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲದ ಪುಡಿ) 50 ಗ್ರಾಂ ಒಂದು ಲೀಟರ್ ಬಿಸಿನೀರಿಗೆ. ಯಾವುದಾದರೂ ಸರಿ, ಟೈಲ್ಸ್ ಸಂದಿನ ಸಿಮೆಂಟಲ್ಲಿ ತುಂಬ ಹೊತ್ತು ನಿಲ್ಲಿಸಬೇಡಿ.

ಮಲ್ಪೆ ಮೀನೂಟ:

ನಾನು ಬಯೋ ಎಂಜೈಮ್ ಪಾರ್ಟಿ, ಅಂದರೆ ಹಣ್ಣಿನ ಸಿಪ್ಪೆಯನ್ನು ಬೆಲ್ಲದ ನೀರಲ್ಲಿ ಹುಳಿ ಬರಿಸಿದ್ದು. 1:3:10 ಲೆಕ್ಕ. ಬೆಲ್ಲ 100 ಗ್ರಾಂ, ಸಿಪ್ಪೆ 300 ಗ್ರಾಂ, ನೀರು ಒಂದು ಲೀಟರ್. ಮೂಸಂಬಿ, ಲಿಂಬೆ, ಅನನಾಸು ಸಿಪ್ಪೆ ಯಾವುದೂ ಆಗುತ್ತದೆ. ಮೂರು ತಿಂಗಳು ಇಡಬೇಕು. ಮೊದಲ ತಿಂಗಳು ದಿನಾ ಮುಚ್ಚಳ ತೆರೆದು ಗ್ಯಾಸ್ ಬಿಡಬೇಕು. ನಾನು ಮೊದಲ ಸಲ ಉಪ್ಪಿನಕಾಯಿ ಭರಣಿಯ ಥರದ ಗಾಜಿನ ಜಾಡಿಯಲ್ಲಿ ಬಿಗಿಯಾಗಿ ಮುಚ್ಚಿ ಅಟ್ಟದ ಮೇಲಿಟ್ಟು ನಾಲ್ಕು ದಿನ ಮದುವೆಗೆ ಹೋಗಿದ್ದೆ. ಬಂದು ನೋಡಿದರೆ ಜಾಡಿ ಒಡೆದಿದೆ, ಅನನಾಸು ಸಿಪ್ಪೆ ಫ್ಯಾನಿನ ರೆಕ್ಕೆಗೆ ಅಂಟಿದೆ, ಗೋಡೆ ಉದ್ದಕ್ಕೂ ಬೆಲ್ಲದ ನೀರು, ಊರಿನ ಇರುವೆ ಎಲ್ಲ ನಮ್ಮ ಅಡುಗೆಮನೆಯಲ್ಲಿ. ಪ್ಲಾಸ್ಟಿಕ್ ಬಾಟಲಿಯೇ ಸಾಕು, ಮೇಲೆ ಸ್ವಲ್ಪ ಜಾಗ ಬಿಡಿ. ಇದೂ ಹುಳಿಯೇ, ನಿಮ್ಮ ಕಾವಿ ನೆಲಕ್ಕೆ ಬೇಡ ಅಕ್ಕ.

ಬಂಗುಡೆ, ಬೂತಾಯಿ ಕೊಯ್ದ ಮಣೆ ಮತ್ತು ಸಿಂಕಿಗೆ ಮಾತ್ರ ಇದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ. ಮೊದಲು ತಣ್ಣೀರಲ್ಲಿ ತೊಳೆಯಿರಿ. ಬಿಸಿನೀರು ಹಾಕಿದರೆ ಮೀನಿನ ರಕ್ತ ಬೆಂದು ಅಲ್ಲೇ ಹಿಡಿಯುತ್ತದೆ. ಆಮೇಲೆ ಎಂಜೈಮೋ ಹುಣಸೆ ಹಿಂಡಿದ ಚರಟವೋ ಹಾಕಿ ತಿಕ್ಕಿ. ಹುಳಿಗೆ ಮೀನಿನ ವಾಸನೆ ಯಾಕೆ ಹೋಗುತ್ತದೆ ಅಂತ ಮೇಷ್ಟ್ರೇ ಹೇಳಬೇಕು.

ಬಿಜೈ ಮೇಷ್ಟ್ರು:

ಆ ವಾಸನೆ ಅಮೀನುಗಳದ್ದು, ಅವು ಕ್ಷಾರ. ಹುಳಿ ಸೇರಿದರೆ ಲವಣವಾಗಿ ನೀರಲ್ಲೇ ಉಳಿಯುತ್ತವೆ, ಗಾಳಿಗೆ ಏಳುವುದಿಲ್ಲ. ಹೆಸರು ಓದಿ ನಗಬೇಡಿ, ಅಮೀನು ನಮ್ಮ ಊರಿನ ಮೀನಲ್ಲ.

ಕುಂದಾಪ್ರದವ:

ಎಲ್ಲ ಸರಿ, ಆದರೆ ಅಂಟುವಾಳ, ಸಿಪ್ಪೆ ನೀರಲ್ಲೇ ಎಲ್ಲ ಆಗುತ್ತದೆ ಅನ್ನುವುದು ಬೇಡ. ನಮ್ಮ ಕಡೆ ಮಳೆ ಅಂದರೆ ತಮಾಷೆಯಾ? ಅಂಗಳಕ್ಕೆ ಪಾಚಿ ಹಿಡಿದು ನನ್ನ ಅಪ್ಪ ಕಳೆದ ವರ್ಷ ಜಾರಿ ಬಿದ್ದು ಸೊಂಟಕ್ಕೆ ರಾಡ್ ಹಾಕಿಸಬೇಕಾಯಿತು. ಅದಕ್ಕಿಂತ ಮುಂಚೆ ಎರಡು ತಿಂಗಳು ನಾನೇ ಎಂಜೈಮ್ ಚಿಮುಕಿಸುತ್ತಾ ಕೂತಿದ್ದೆ. ಈಗ ಬ್ಲೀಚಿಂಗ್ ಪೌಡರ್ ಹಾಕಿ ಹಿಡಿಸೂಡಿಯಲ್ಲಿ ಗುಡಿಸುತ್ತೇನೆ, ಗಿಡದ ಬುಡಕ್ಕೂ ಬಾವಿಗೂ ಆ ನೀರು ಹೋಗದ ಹಾಗೆ. ಮನೆಯಲ್ಲಿ ಯಾರಿಗಾದರೂ ವಾಂತಿ ಭೇದಿ ಆದಾಗ ಟಾಯ್ಲೆಟ್‌ಗೂ ಅದೇ.

ಮತ್ತೆ ಇದನ್ನು ದಯವಿಟ್ಟು ಗಮನಿಸಿ. ಬ್ಲೀಚ್ ಹಾಕಿದ ಜಾಗಕ್ಕೆ ವಿನೆಗರ್, ಬಿಂಬುಳಿ, ನಿಂಬೆ ಉಪ್ಪು, ಎಂಜೈಮ್ ಯಾವ ಹುಳಿಯನ್ನೂ ಹಾಕಬೇಡಿ. ಕ್ಲೋರಿನ್ ಗ್ಯಾಸ್ ಬರುತ್ತದೆ. ಬಾಗಿಲು ಹಾಕಿದ ಬಚ್ಚಲಲ್ಲಿ ಅದು ಪ್ರಾಣಕ್ಕೇ ಸಂಚಕಾರ.

ಬೂಷ್ಟಿಗೆ, ಕಪಾಟನ್ನು ಗೋಡೆಯಿಂದ ಒಂದು ಗೇಣು ಈಚೆ ಎಳೆಯಿರಿ. ಬಟ್ಟೆಯಲ್ಲಿ ಒರೆಸಿ, ಮಳೆ ಬಿಟ್ಟಾಗ ಫ್ಯಾನ್ ಹಾಕಿ ಒಣಗಿಸಿ. ಗಾಳಿ ಆಡದಿದ್ದರೆ ಏನು ಹಚ್ಚಿದರೂ ಹದಿನೈದು ದಿನಕ್ಕೆ ಮತ್ತೆ ಬರುತ್ತದೆ.

ಸಂತೆಕಟ್ಟೆ ಸೊಸೆ:

ಎಲ್ಲರಿಗೂ ಥ್ಯಾಂಕ್ಸ್. ಎರಡು ವಾರ ಆಯಿತು, ಆದದ್ದು ಹೇಳುತ್ತೇನೆ. ಅಂಟುವಾಳ ಮೊದಲ ದಿನವೇ ಉಕ್ಕಿತು. ಕಾರ್ಕಳದಕ್ಕ ದೊಡ್ಡ ಪಾತ್ರೆ ಅಂದದ್ದು ಒಲೆ ಒರೆಸುವಾಗ ನೆನಪಾಯಿತು. ಆದರೆ ಬೆರಳ ಸಂದು ಕೂಡಿದೆ, ನಿನ್ನೆ ಮೆಣಸು ಹೆಚ್ಚಿದೆ, ಉರಿ ಇಲ್ಲ. ಕುಕ್ಕರ್ ಗ್ಯಾಸ್ಕೆಟ್‌ನ ಜಿಡ್ಡು ಮಾತ್ರ ಇದರಲ್ಲಿ ಹೋಗಲಿಲ್ಲ, ಅದಕ್ಕೆ ಈಗಲೂ ಒಂದು ತೊಟ್ಟು ಲಿಕ್ವಿಡ್ ಹಾಕುತ್ತೇನೆ. ಕಪಾಟು ಎಳೆದಾಗ ಹಿಂದೆ ಕಳೆದ ವರ್ಷ ಕಳೆದುಹೋಗಿದ್ದ ಮಗನ ಪ್ರೋಗ್ರೆಸ್ ಕಾರ್ಡ್ ಸಿಕ್ಕಿತು. ಕಳೆದುಹೋದದ್ದಲ್ಲ ಅಂತ ಈಗ ಗೊತ್ತಾಯಿತು.

ನೆಲಕ್ಕೆ ನಾನು ಕೈ ಹಾಕಲಿಲ್ಲ. ಮೊನ್ನೆ ಮಧ್ಯಾಹ್ನ ಅತ್ತೆ ತಾವೇ ಒಂದು ತೆಂಗಿನ ಸಿಪ್ಪೆ ಹಿಡಿದು, ನಾಲ್ಕು ಹನಿ ಎಣ್ಣೆ ಬಿಟ್ಟು ಕಲೆ ಮೇಲೆ ಗೋಲ ಗೋಲ ಉಜ್ಜುತ್ತಾ ಕೂತಿದ್ದರು. ನಾನು ಹೋಗಿ ಪಕ್ಕದಲ್ಲಿ ಕೂತೆ. "ಆ ಬಾಟಲಿ ಇನ್ನೂ ಉಂಟಾ?" ಅಂತ ಕೇಳಿದರು. ಖಾಲಿ ಆಯಿತು ಅಂದೆ. ಇನ್ನೊಂದು ಸಿಪ್ಪೆ ನನ್ನ ಕೈಗೆ ಕೊಟ್ಟರು.

ಬಚ್ಚಲ ಹಳದಿ ಕಲೆ ಬಾಕಿ. ಸಂತೆಕಟ್ಟೆ, ಬ್ರಹ್ಮಾವರ ಕಡೆ ಯಾರ ಹಿತ್ತಲಲ್ಲಾದರೂ ಬಿಂಬುಳಿ ಜಾಸ್ತಿ ಬಿದ್ದಿದ್ದರೆ ಹೇಳಿ, ಚೀಲ ಹಿಡಿದು ನಾನೇ ಬರುತ್ತೇನೆ. ನಮ್ಮ ಮರದಲ್ಲಿ ಈಗ ಬರೀ ಹೂ.